ಬಚ್ಚಲಲ್ಲಿ ಸೌದೆ ಸೀಳಿದವರು

ನಾಗರಿಕತೆ ನಿಂತಿರುವುದು ಮನುಷ್ಯರು ಒಬ್ಬರನ್ನೊಬ್ಬರು ನಂಬುವುದರ ಮೇಲೆ ಎಂದು ಬಲ್ಲವರು ಹೇಳುತ್ತಾರೆ. ಆ ಬಲ್ಲವರಲ್ಲಿ ಯಾರೂ ಮನೆ ಬಾಡಿಗೆಗೆ ಕೊಟ್ಟವರಲ್ಲ.

ನಾನು ಕೊಟ್ಟಿದ್ದೆ. ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ನಮ್ಮ ರಾಗಿ ಹೊಲ ಜಯನಗರ ಬಡಾವಣೆಯೊಳಗೆ ಸೇರಿಹೋಗಿ, ಅದರಲ್ಲೊಂದು ತುಂಡು ಸೈಟಾಗಿ ನಮಗೇ ವಾಪಸು ಬಂದಿತ್ತು. ಅಪ್ಪ ಅದೇ ಹೊಲದ ಮಣ್ಣು ಕಲೆಸಿ, ಇಟ್ಟಿಗೆ ಸುಟ್ಟು, ಎರಡು ಪೋರ್ಷನ್ನಿನ ಮನೆ ಕಟ್ಟಿ, ಗೃಹಪ್ರವೇಶದ ಮರುವರ್ಷ ತೀರಿಕೊಂಡ. ಒಂದರಲ್ಲಿ ಅವ್ವ ಮತ್ತು ನಾನು, ಇನ್ನೊಂದರಲ್ಲಿ ಬಾಡಿಗೆದಾರರು. ಅವರ ಬಚ್ಚಲಿಗೂ ನಮ್ಮ ಅಡುಗೆಮನೆಗೂ ನಡುವೆ ಒಂದೇ ಗೋಡೆ, ಮಣ್ಣುಗಾರೆಯದು. ಅಪ್ಪ ಬಿಟ್ಟುಹೋದದ್ದು ಎಂದು ತೋರಿಸಲು ನನಗಿದ್ದದ್ದು ಅಂಥ ನಾಲ್ಕಾರು ಗೋಡೆಗಳೇ.

ಬಾಡಿಗೆದಾರರು ಸರ್ಕಾರಿ ಗುಮಾಸ್ತರು. ಹಣೆಯಲ್ಲಿ ವಿಭೂತಿ, ಮಾತಿನಲ್ಲಿ ಬೆಣ್ಣೆ. ಮುಂಗಾರು ಹಿಡಿದ ಒಂದು ಭಾನುವಾರ ನಮ್ಮ ಅಡುಗೆಮನೆಯ ಪಾತ್ರೆಗಳೆಲ್ಲ ಗಡಗಡ ಅಲುಗಿದವು. ಹೋಗಿ ನೋಡಿದರೆ ಆ ಮಹನೀಯರು ಪಂಚೆ ಎತ್ತಿಕಟ್ಟಿ, ಬಚ್ಚಲಿನ ಕಲ್ಲುಚಪ್ಪಡಿಯ ಮೇಲೆ ಸರ್ವೆ ಕೊರಡಿಟ್ಟು ಕೊಡಲಿಯಿಂದ ಸೀಳುತ್ತಿದ್ದಾರೆ. ಚಪ್ಪಡಿ ಆಗಲೇ ಎರಡು ಹೋಳು.

"ಇದೇನ್ರೀ ಇದು?"

"ಹೊರಗೆ ಮಳೆ ಅಲ್ವಾ ಸಾರ್. ಸೌದೆ ನೆಂದ್ರೆ ಹೊಗೆ ಜಾಸ್ತಿ."

"ನಿಮ್ ಸೌದೆ ನೆನೀಬಾರ್ದು, ನಮ್ ಗೋಡೆ ನೆನೀಬೋದು?"

"ಕಲ್ಲಲ್ವಾ ಸಾರ್? ಗಟ್ಟಿ ಇರ್ಬೇಕಿತ್ತು" ಎಂದರು. ಕಲ್ಲಿನ ನಡತೆಯ ಬಗ್ಗೆ ಅವರಿಗೆ ನಿಜವಾಗಿಯೂ ಬೇಸರವಾಗಿತ್ತು.

ಸ್ನಾನದ ನೀರು ಬಿರುಕಿನಲ್ಲಿಳಿದು ಪಾಯ ಸೇರತೊಡಗಿತು. ನಮ್ಮ ಕಡೆ ಸುಣ್ಣ ಉಬ್ಬಿತು, ತೇವ ಮೊಣಕಾಲೆತ್ತರಕ್ಕೆ ಏರಿತು. ನೆಲ ಅಗೆದು ಹೊಸ ಚಪ್ಪಡಿ ಹಾಸಲು ಮೇಸ್ತ್ರಿಯನ್ನು ಕರೆತಂದೆ. ಗುಮಾಸ್ತರ ಹೆಂಡತಿ ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತರು. "ಮಗಳು ಬಂದಿದಾಳೆ, ಐದು ತಿಂಗಳು. ಬಸುರಿ ಇರೋ ಮನೇಲಿ ನೆಲ ಅಗಿಯೋದುಂಟೇ?"

ಈ ಶಾಸ್ತ್ರ ನನಗೂ ಗೊತ್ತಿತ್ತು. ಮನೆಯಲ್ಲಿ ಗರ್ಭಿಣಿ ಇದ್ದರೆ ನೆಲ ಅಗೆಯುವಂತಿಲ್ಲ, ಗೋಡೆ ಒಡೆಯುವಂತಿಲ್ಲ, ಕೂಸಿಗೆ ಊನ. ಆದರೆ ಕೊಡಲಿ ಬೀಸಿ ಮನೆಯೊಡೆಯನ ಚಪ್ಪಡಿ ಒಡೆಯುವುದಕ್ಕೆ ಶಾಸ್ತ್ರಕಾರರ ಆಕ್ಷೇಪಣೆ ಇದ್ದಂತಿರಲಿಲ್ಲ. ಇದನ್ನು ರಸ್ತೆಗೆಲ್ಲ ಕೇಳುವಂತೆ ಕೂಗಿ ಹೇಳಿದೆ. ಹಿಂದಿನಿಂದ ಅವ್ವ ಬಂದು ನನ್ನ ರಟ್ಟೆ ಹಿಡಿದಳು.

"ಬಾಯ್ಮುಚ್ಕೊಂಡು ಬಾರ್ಲಾ. ಬಸ್ರಿ ಎಣ್ಣಿರೋ ಮನೇಲಿ ಹಾರೆ ಆಡಿಸ್ತಾನಂತೆ, ಹಾರೆ!"

"ಗೋಡೆ ಬೀಳ್ತದೆ ಕಣವ್ವ. ಅಪ್ಪ ಕಟ್ಟಿದ್ದು."

"ನಿಮ್ಮಪ್ಪ ಕಟ್ಟಿದ್ದು ಬೀಳಾಕಿಲ್ಲ, ನಡಿ."

ಮೇಸ್ತ್ರಿ ಹಾರೆ ಹೆಗಲಿಗೇರಿಸಿ ಬೀಡಿ ಹಚ್ಚಿಕೊಂಡು ಹೋದ.

ನವರಾತ್ರಿಯ ಹೊತ್ತಿಗೆ ಹೆರಿಗೆಯಾಯಿತು. ಆಮೇಲೆ ಬಾಣಂತನ. ಬಾಣಂತಿಗೆ ನೀರು ಹಾಕುವುದೆಂದರೆ ಹಂಡೆಗಟ್ಟಲೆ ಬಿಸಿನೀರು. ಅಷ್ಟೂ ಆ ಬಿರುಕಿನ ಮೂಲಕ ನಮ್ಮ ಪಾಯಕ್ಕೆ ಎರೆದಂತಾಯಿತು. ಎರೆಯುತ್ತಿದ್ದವಳು ಯಾರು? ನಮ್ಮವ್ವ. ಆ ಹುಡುಗಿಗೆ ಇವಳ ಕೈಯ ನೀರೇ ಆಗಬೇಕಂತೆ. ನಾನು ಈಚೆ ಅಡುಗೆಮನೆಯಲ್ಲಿ ಕೂತು, ಆಚೆ ಚೊಂಬಿನ ಸದ್ದು ಕೇಳುತ್ತ, ಹಲ್ಲು ಕಡಿಯುತ್ತಿದ್ದೆ. ತೇವ ಸೊಂಟದೆತ್ತರಕ್ಕೆ ಬಂದಿತ್ತು. ಮಳೆ ನಿಂತು ಎಷ್ಟೋ ದಿನವಾದರೂ ಸೌದೆ ಸೀಳುವ ಕಾರ್ಯಕ್ರಮ ಬಚ್ಚಲಲ್ಲೇ ಮುಂದುವರಿದಿತ್ತು. ಯಾಕೆ ಎಂದು ಜಗಳಕ್ಕೆ ಹೋದೆ. "ಹೆಂಗೂ ಒಡೆದ್ಹೋಗಿದೆಯಲ್ಲ ಸಾರ್" ಎಂದರು.

ಸಂಕ್ರಾಂತಿ ಕಳೆದು ಬಾಣಂತಿ ಕೂಸಿನೊಂದಿಗೆ ಗಂಡನ ಮನೆಗೆ ಹೊರಟಳು. ಮರುದಿನ ಬೆಳಿಗ್ಗೆಯೇ ಮೇಸ್ತ್ರಿಯನ್ನು ನಿಲ್ಲಿಸಿದೆ. ಅವನು ಹಾರೆ ಎತ್ತುವುದಕ್ಕೂ ಗೇಟಿನ ಮುಂದೆ ಜಟಕಾ ನಿಲ್ಲುವುದಕ್ಕೂ ಸರಿಹೋಯಿತು. ಕನಕಪುರಕ್ಕೆ ಕೊಟ್ಟಿದ್ದ ನನ್ನ ತಂಗಿ, ಮೊದಲ ಹೆರಿಗೆಗೆ ತವರಿಗೆ ಬಂದವಳು, ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಇಳಿದಳು.

"ಇಳಿಸ್ಲಾ ಹಾರೇನ" ಅಂದಳು ಅವ್ವ.

"ಅದು ಅವರ ಪೋರ್ಷನ್ನು ಕಣವ್ವ!"

"ಸೂರು ಒಂದೇ ಅಲ್ವೇನ್ಲಾ?"

ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಗುಮಾಸ್ತರು ಲೋಟ ಕೆಳಗಿಟ್ಟರು. "ಅಮ್ಮಾವ್ರು ಹೇಳೋದು ಸರಿ ಸಾರ್. ಇಂಥಾದ್ರಲ್ಲಿ ಅವಸರ ಮಾಡ್ಬಾರ್ದು. ನಮಗೇನೂ ತೊಂದ್ರೆ ಇಲ್ಲ, ಹಿಂಗೇ ಅಡ್ಜಸ್ಟ್ ಮಾಡ್ಕೋತೀವಿ."

"ನೀವು ಮೊದ್ಲು ಮನೆ ಖಾಲಿ ಮಾಡಿ" ಎಂದು ಅರಚಿದೆ.

"ಬಸುರಿ ಇರೋ ಮನೆಯಿಂದ ಒಂದು ಸಂಸಾರಾನ ಕಣ್ಣೀರು ಹಾಕ್ಸಿ ಕಳಿಸ್ತೀರಾ ಸಾರ್?"

ಅವ್ವ ಹೌದೆಂದು ತಲೆ ಆಡಿಸಿದಳು, ಅವರ ಕಡೆ ನೋಡಿಕೊಂಡು. ತಂಗಿ ಎದುರಿಗಿಲ್ಲದಿದ್ದರೆ ಆ ದಿನ ನಾನು ಆ ಕಾಫಿ ಲೋಟವನ್ನು ಯಾರ ತಲೆಯ ಮೇಲಾದರೂ ಒಡೆಯುತ್ತಿದ್ದೆ. ಯಾರದೆಂದು ಮಾತ್ರ ಇನ್ನೂ ತೀರ್ಮಾನಿಸಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ, ನಾವು ಹಜಾರದಲ್ಲಿ ಕೂತಿದ್ದಾಗ, ಗೋಡೆ ನಮ್ಮ ಅಡುಗೆಮನೆಯೊಳಕ್ಕೆ ಬಿತ್ತು. ಹೆಂಚುಗಳೂ ಜೊತೆಗೆ ಬಂದವು. ಧೂಳು ಇಳಿದಾಗ ಆಚೆ ಬಚ್ಚಲಲ್ಲಿ ಗುಮಾಸ್ತರು ಟವೆಲ್ ಸುತ್ತಿಕೊಂಡು ನಿಂತಿದ್ದರು.

"ನೋಡಿದ್ರಾ ಸಾರ್" ಎಂದರು. "ಮಣ್ಣುಗಾರೆ."

ಇದಕ್ಕೆ ಉತ್ತರ ಕೈಯಲ್ಲೇ ಕೊಡಬೇಕಿತ್ತು. ನಾನು ಕೂತು ಅಪ್ಪನ ಇಟ್ಟಿಗೆಗಳನ್ನು ಹೆಕ್ಕಿದೆ. ಮುರಿದವೇ ಹೆಚ್ಚಿದ್ದವು.

ಯಾರಿಗೂ ಪೆಟ್ಟಾಗಿರಲಿಲ್ಲ. ತಂಗಿಯ ಬಾಣಂತನ ಮುಗಿಯುವವರೆಗೆ ಗೋಡೆ ಕಟ್ಟಲು ಅವ್ವ ಬಿಡಲಿಲ್ಲ. ಅಲ್ಲಿಯವರೆಗೆ ಎರಡು ಮನೆಗಳ ನಡುವೆ ಗೋಣಿಪಟ್ಟೆಯ ಪರದೆ ಇತ್ತು. ಆಮೇಲೆ ನಾನು ಸಿಮೆಂಟು ಗಾರೆಯಲ್ಲಿ ಹೊಸ ಗೋಡೆ ಕಟ್ಟಿಸಿದೆ. ಬಾಡಿಗೆದಾರರು ಅದೇ ಪೋರ್ಷನ್ನಿನಲ್ಲಿ ಮುಂದುವರಿದರು.