ಬಾಡಿಗೆ ಕೋಣೆ ಹುಡುಕುತ್ತಾ ಕಲಿತ ರಿಕರ್ಷನ್

ರಿಕರ್ಷನ್ ಅಂದರೆ ಒಂದು ಪ್ರೋಗ್ರಾಮು ತನ್ನ ಕೆಲಸಕ್ಕೆ ಮತ್ತೆ ತನ್ನನ್ನೇ ಕರೆಯುವುದು. ಎಲ್ಲೋ ಒಂದು ಕಡೆ ಅದು ನಿಲ್ಲಲೇಬೇಕು, ಇಲ್ಲದಿದ್ದರೆ ಮುಗಿಯುವುದಿಲ್ಲ. ಎಂಬತ್ತರ ದಶಕದಲ್ಲಿ ಯಶವಂತಪುರದ ಕಂಪ್ಯೂಟರ್ ಆಫೀಸಿನಲ್ಲಿ ಟ್ರೈನಿಯಾಗಿದ್ದ ನನಗೆ ಇದು ಅರ್ಥವಾದದ್ದು ಕೊಡಿಗೇಹಳ್ಳಿಯ ಒಂದು ಜಗಲಿಯ ಮೇಲೆ. ಮರುದಿನ ಲಾಡ್ಜ್ ಖಾಲಿ ಮಾಡಬೇಕಿತ್ತು, ಬಾಡಿಗೆಗೆ ಕೋಣೆ ಕೇಳಲು ಹೋಗಿದ್ದೆ.

ಮನೆಯ ಯುವಕ "ಅಪ್ಪನ್ನ ಕೇಳ್ತೀನಿ ಸಾರ್" ಎಂದು ಒಳಗೆ ಹೋದ. ಅಪ್ಪ ತಮ್ಮ ಅಪ್ಪನನ್ನು ಕೇಳಿದರು. ಆ ತಾತ ತಮ್ಮ ತಾಯಿಯನ್ನು ಕೇಳಿದರು. ಮುತ್ತಜ್ಜಿಗೆ ಕೇಳಲು ಮೇಲೆ ಯಾರೂ ಉಳಿದಿರಲಿಲ್ಲ.

"ಇರ್ಲಿ ಬುಡ್ಲಾ, ಪಾಪ" ಎಂದರು.

ನಿಂತಿತು! ಇನ್ನು ಪ್ರಶ್ನೆ ಹೋದ ದಾರಿಯಲ್ಲೇ ಉತ್ತರ ವಾಪಸ್ಸು ಬರಬೇಕು. ಬರುವಾಗ ಪ್ರತಿ ಹಂತದಲ್ಲೂ ಏನಾದರೂ ಸೇರುತ್ತದೆ, ಅದೂ ರಿಕರ್ಷನ್ನಿನ ಭಾಗವೇ.

"ಮುತ್ತಜ್ಜಿ ಒಪ್ಪಿದ್ದಾರೆ ಸಾರ್" ಎಂದ ಯುವಕ. "ಒಂಬತ್ತಕ್ಕೆ ಬಾಗಿಲು ಹಾಕ್ಬೇಕು ಅಂತ ತಾತ ಹೇಳಿದ್ರು. ಸ್ನೇಹಿತರು ಬರಬಾರ್ದು ಅಂತ ಅಪ್ಪ. ನಂದೇನೂ ಇಲ್ಲ, ಮದುವೆ ಆಗಿದ್ರೆ ಸಾಕು."

"ಆಗಿಲ್ವಲ್ರೀ!"

"ಅದನ್ನ ನೀವು ನಿಮ್ಮನೇಲಿ ಕೇಳ್ಬೇಕು ಸಾರ್."

ಮಾರನೇ ದಿನ ಲಾಡ್ಜಿನವರು ಯಾರನ್ನೂ ಕೇಳದೆ ನನ್ನ ಟ್ರಂಕನ್ನು ಹೊರಗಿಟ್ಟರು. ಇದು ರಿಕರ್ಷನ್ ಅಲ್ಲ ಎಂದು ಓದುಗರಿಗೆ ಸ್ಪಷ್ಟಪಡಿಸುತ್ತೇನೆ.