ಚಕ್ಕೋತದ ಉಪನ್ಯಾಸಕ್ಕೆ ಬಂದವರು

ನಿನ್ನೆ ಕಾಲೇಜಿನ ಅಟೆಂಡರ್ ಗಂಗಣ್ಣ ಒಂದು ಚಕ್ಕೋತ ತಂದು ನಮ್ಮ ಮನೆಯ ಮೇಜಿನ ಮೇಲಿಟ್ಟ. ‘ಲೈಬ್ರರಿ ಹಿಂದ್ಗಡೆ ಮರದ್ದು ಸಾರ್, ಮೊದಲ್ನೇ ಹಣ್ಣು’ ಎಂದ. ಉಗುರಿನಿಂದ ಸಿಪ್ಪೆಯನ್ನು ಸ್ವಲ್ಪ ಕೆರೆದು ಮೂಸಿದೆ. ನೀವು ದೇವನಹಳ್ಳಿ ಕಡೆಯವರಾಗಿದ್ದರೆ ಆ ಘಮಲನ್ನು ವರ್ಣಿಸಬೇಕಾಗಿಲ್ಲ. ಅಲ್ಲದಿದ್ದರೆ ವರ್ಣಿಸಿ ಪ್ರಯೋಜನವಿಲ್ಲ. ನನಗಂತೂ ಅದರ ಜೊತೆಗೆ ಬಿಸಿಯಾದ ಪ್ರೊಜೆಕ್ಟರಿನ ವಾಸನೆಯೂ ಬಂದಂತಾಯಿತು. ಯಾಕೆಂದು ಹೇಳುತ್ತೇನೆ, ಹೀಗೆ ಕೂತುಕೊಳ್ಳಿ.

ವಿಮಾನ ನಿಲ್ದಾಣ ಶುರುವಾಗಿ ಎರಡೋ ಮೂರೋ ವರ್ಷವಾಗಿತ್ತು. ನಾನಾಗ ಇಲ್ಲಿನ ಕಾಲೇಜೊಂದರಲ್ಲಿ ಗ್ರಂಥಪಾಲಕ. ಬೆಂಗಳೂರಿನ ಒಂದು ವಿಶ್ವವಿದ್ಯಾಲಯದವರು ತಿಂಗಳಿಗೊಮ್ಮೆ ತಮ್ಮ ಸಂಶೋಧಕರನ್ನು ಕಳಿಸಿ, ಊರಿನ ಜನಕ್ಕೆ ಅರ್ಥವಾಗುವ ಹಾಗೆ ಉಚಿತ ಉಪನ್ಯಾಸ ಮಾಡಿಸುತ್ತಿದ್ದರು. ಜನ ಸೇರಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಉಳಿದವರಿಗೆಲ್ಲ ಪಾಠವಿದೆ, ಇವನಿಗೇನು, ಪುಸ್ತಕದ ಧೂಳು ಹೊಡೆಯುವುದು ತಾನೇ ಎಂಬುದು ಪ್ರಾಂಶುಪಾಲರ ನಂಬಿಕೆ. ನಕ್ಷತ್ರಗಳ ಉಪನ್ಯಾಸಕ್ಕೆ ಏಳು ಜನ ಬಂದರು, ಹಾವುಗಳಿಗೆ ಹನ್ನೊಂದು. ಆ ಹನ್ನೊಂದರಲ್ಲಿ ಬೋಂಡಾಕ್ಕೆ ಬಂದವರು ಎಷ್ಟೆಂದು ನಾನು ಹೇಳುವುದಿಲ್ಲ. ಜನರದೂ ತಪ್ಪಲ್ಲ. ಆಗೆಲ್ಲ ಲ್ಯಾಪ್‌ಟಾಪ್ ಹಿಡಿದು ಕಾರಿನಿಂದ ಇಳಿದವರು ಜಮೀನು ಕೇಳುವವರೇ ಆಗಿರುತ್ತಿದ್ದರು. ಅಂಥವರು ಬಿಟ್ಟಿಯಾಗಿ ಏನೋ ಹೇಳುತ್ತಾರೆಂದರೆ ಯಾರು ನಂಬುತ್ತಾರೆ?

ಆ ತಿಂಗಳು ಬರಬೇಕಾಗಿದ್ದವಳು ಸುಮಾ ಎಂಬ ಹುಡುಗಿ. ಚಕ್ಕೋತದ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಜನರ ಮುಂದೆ ಅದೇ ಮೊದಲ ಮಾತು. ಈ ಸಲ ಹಾಲ್ ತುಂಬಿಸಿಯೇ ತೀರಬೇಕೆಂದು ಕರಪತ್ರವನ್ನು ನಾನೇ ಬರೆದೆ. ಹಿತ್ತಿಲಲ್ಲಿ ಚಕ್ಕೋತದ ಮರವಿರುವವರು ಅದರ ವಯಸ್ಸು, ಫಸಲಿನ ವಿವರ ಸಹಿತ ತಪ್ಪದೆ ಬನ್ನಿ ಎಂದು ದಪ್ಪಕ್ಷರದಲ್ಲಿ ಹಾಕಿಸಿದೆ. ಬುದ್ಧಿವಂತಿಕೆ ಹೆಚ್ಚಾದರೆ ಆಗುವುದೇ ಹೀಗೆ. ರಸ್ತೆ ಅಗಲ ಮಾಡಲು ಮನೆ, ಹಿತ್ತಿಲು ಹೋಗುತ್ತಿದ್ದ ದಿನಗಳವು. ಹೋಗುವ ಮರಕ್ಕೂ ಪರಿಹಾರವಿತ್ತು. ಮರದ ವಯಸ್ಸು, ಫಸಲು ಕೇಳಿ ಬರೆದುಕೊಳ್ಳುತ್ತಿದ್ದವರು ಆ ಪರಿಹಾರ ಗೊತ್ತುಮಾಡುವ ಸಾಹೇಬರು. ಇದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಭಾನುವಾರ ಜನ ಬಂದರು ನೋಡಿ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತರು. ಪ್ರತಿಯೊಬ್ಬರ ಕೈಯಲ್ಲೂ ಪ್ಲಾಸ್ಟಿಕ್ ಕವರ್, ಒಳಗೆ ಪಹಣಿ. ಬಾಗಿಲಲ್ಲಿಟ್ಟಿದ್ದ ಹಾಜರಿ ಪುಸ್ತಕಕ್ಕೆ ನೂಕುನುಗ್ಗಲಿನಲ್ಲಿ ಸಹಿ ಬಿತ್ತು. ನಾನು ಹಿಗ್ಗಿಹೋದೆ. ಸಹಿ ಹಾಕದವರು ಒಬ್ಬರೇ, ಲಕ್ಷ್ಮಿದೇವಮ್ಮ. ಹಿಂದೊಮ್ಮೆ ನೆಂಟರು ತೋರಿಸಿದ ಕಡೆ ಸಹಿ ಹಾಕಿ ಹೊಲ ಕಳೆದುಕೊಂಡಾಕೆ. ‘ಕೇಳೋದಾದ್ರೆ ಎಷ್ಟೊತ್ತಾದ್ರೂ ಕೇಳ್ತೀನಿ ಮೇಷ್ಟ್ರೇ. ಸೈನು ಮಾತ್ರ ಎಲ್ಲೂ ಹಾಕಲ್ಲ’ ಎಂದು ಒಳಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತರು.

ಸುಮಾ ಹೂವಿನ ಚಿತ್ರ ತೋರಿಸಿ ಎಲೆಗೆ ಬರುವಷ್ಟರಲ್ಲಿ ಒಬ್ಬರು ಎದ್ದು, ಮರ ನೋಡಲು ಯಾವತ್ತು ಬರುತ್ತೀರಿ ಎಂದು ಕೇಳಿದರು. ತಾನು ಪರಿಹಾರದವಳಲ್ಲ, ಹಣ್ಣಿನ ವಿಚಾರ ಹೇಳಲು ಬಂದವಳು ಎಂದಳು ಪಾಪ, ಇದ್ದದ್ದನ್ನು ಇದ್ದ ಹಾಗೆ. ಕುರ್ಚಿಗಳು ಸದ್ದು ಮಾಡಿದವು. ಐದು ನಿಮಿಷಕ್ಕೆ ಹಾಲ್ ಖಾಲಿ. ಹುಡುಗಿಯ ಕಣ್ಣು ತುಂಬಿತು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮುಂದಿನ ಸಾಲಿನಿಂದ ಲಕ್ಷ್ಮಿದೇವಮ್ಮ, ‘ನೀನು ಹೇಳಮ್ಮ, ನಾನಿದ್ದೀನಲ್ಲ’ ಎಂದರು.

ಸುಮಾ ಪ್ರೊಜೆಕ್ಟರ್ ಆರಿಸಿ ಅವರ ಪಕ್ಕದ ಕುರ್ಚಿಗೆ ಬಂದಳು. ಲಕ್ಷ್ಮಿದೇವಮ್ಮನ ಮರವನ್ನು ಪರಿಹಾರದ ಸಾಹೇಬರು ಆಗಲೇ ಲೆಕ್ಕಕ್ಕೆ ಬರೆದುಕೊಂಡು ಹೋಗಿದ್ದರು. ಆಕೆ ಬಂದದ್ದು ಬೇರೆ ಕಾರಣಕ್ಕೆ.

‘ನಮ್ಮತ್ತೆ ನೆಟ್ಟಿದ್ದು ಕಣಮ್ಮ. ಅದರ ಬೀಜ ಹಾಕಿ ಎರಡು ಗಿಡ ಬೆಳೆಸ್ದೆ, ಎರಡೂ ಕಹಿ. ಮರ ಹೋಗ್ಲಿ, ಆ ಹಣ್ಣು ಉಳಿಸ್ಕೊಳ್ಳೋಕೆ ದಾರಿ ಐತಾ?’

ಬೀಜ ಯಾವಾಗ ಹಾಕಿದಿರಿ, ಎಷ್ಟನೇ ವರ್ಷಕ್ಕೆ ಹಣ್ಣಾಯಿತು, ತೊಳೆಯ ಬಣ್ಣ ಯಾವುದು ಎಂದು ಕೇಳುತ್ತಾ ಸುಮಾ ನೋಟ್‌ಬುಕ್ ತೆಗೆದಳು. ಉಪನ್ಯಾಸ ಕೊಡಬೇಕಾದವಳು ಬರೆದುಕೊಳ್ಳುತ್ತಿದ್ದಳು, ಕೇಳಬೇಕಾದವರು ಹೇಳುತ್ತಿದ್ದರು. ಮಧ್ಯಾಹ್ನ ಮೂವರೂ ಆ ಹಿತ್ತಿಲಿಗೆ ಹೋದೆವು. ಸುಮಾ ನಾಲ್ಕು ಕೊಂಬೆಗಳಲ್ಲಿ ಬಳೆಯಷ್ಟಗಲ ತೊಗಟೆ ಬಿಡಿಸಿ, ಒದ್ದೆ ಪಾಚಿ ಮೆತ್ತಿ, ಪ್ಲಾಸ್ಟಿಕ್ ಸುತ್ತಿ, ಕೊಂಬೆಯಲ್ಲೇ ಬೇರು ಬರಿಸುವ ಗೂಟಿ ಕಟ್ಟಿದಳು. ಬೇರು ಬಿಡಲು ಎರಡು ತಿಂಗಳು ಬೇಕು, ಅಲ್ಲಿಯವರೆಗೆ ಮರ ಉಳಿಯಬೇಕು ಎಂದಳು.

ಮರ ಉರುಳಿಸುವ ಯಂತ್ರ ಆರನೇ ವಾರಕ್ಕೇ ಬಂತು. ಸುದ್ದಿ ತಿಳಿದು ನಾನು ಏದುಸಿರು ಬಿಡುತ್ತಾ ಹೋದಾಗ ಡ್ರೈವರ್ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಅವನ ಲೋಟ ಖಾಲಿಯಾಗುವುದರೊಳಗೆ ಲಕ್ಷ್ಮಿದೇವಮ್ಮ ನಾಲ್ಕೂ ಕೊಂಬೆ ಕಡಿದಿದ್ದರು. ಮೂರರಲ್ಲಿ ಏನೂ ಇರಲಿಲ್ಲ. ನಾಲ್ಕನೆಯದರ ಪಾಚಿಯಲ್ಲಿ ಎರಡು ಬಿಳಿ ಎಳೆ. ಅದನ್ನು ನನ್ನ ಕೈಗಿಟ್ಟು, ‘ನಿಮ್ ಕಾಲೇಜಲ್ಲಿ ನೆಡಿ ಮೇಷ್ಟ್ರೇ. ನಂಗಿನ್ನು ಹಿತ್ತಿಲಿಲ್ಲ’ ಎಂದರು. ಆ ವಾರವೇ ಜಡಿಗೇನಹಳ್ಳಿಯ ಮಗಳ ಮನೆಗೆ ಹೋದರು.

ವಿಶ್ವವಿದ್ಯಾಲಯಕ್ಕೆ ಕಳಿಸಿದ ವರದಿಯಲ್ಲಿ, ಸಭಾಂಗಣ ಕಿಕ್ಕಿರಿದಿತ್ತು ಎಂದು ನಾನು ಬರೆದೆ. ಸಾಕ್ಷಿಗೆ ಸಹಿಗಳಿದ್ದವಲ್ಲ. ಮರುವರ್ಷ ಉಪನ್ಯಾಸಗಳು ನಿಂತವು. ಎಲ್ಲ ವ್ಯರ್ಥವಾಯಿತೆಂದೇ ನಾನು ತಿಳಿದಿದ್ದೆ. ಲೈಬ್ರರಿ ಹಿಂದೆ ನೆಟ್ಟ ಗಿಡವೂ ವರ್ಷಗಟ್ಟಲೆ ಹೂ ಬಿಟ್ಟು ಉದುರಿಸುತ್ತಿತ್ತು. ಆದರೂ ನಿವೃತ್ತನಾದಾಗ ಆ ಹಾಜರಿ ಪುಸ್ತಕವನ್ನು ಮನೆಗೆ ತಂದಿದ್ದೆ. ಯಾಕೆಂದು ಕೇಳಬೇಡಿ, ಗ್ರಂಥಪಾಲಕರು ಏನನ್ನೂ ಬಿಸಾಡುವುದಿಲ್ಲ.

ಇವತ್ತು ಹಣ್ಣು, ಪುಸ್ತಕ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಜಡಿಗೇನಹಳ್ಳಿಯ ಬಸ್ಸು ಹತ್ತಿದೆ. ಲಕ್ಷ್ಮಿದೇವಮ್ಮನ ಬೆನ್ನು ಬಾಗಿದೆ, ಕಣ್ಣು ಮಂಜು. ಹಣ್ಣನ್ನು ಮೂಸಿಯೇ ನಾನು ಯಾರೆಂದು ಗುರುತು ಹಿಡಿದರು. ಸುಲಿದು ಒಂದು ತೊಳೆ ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದರು.

‘ಅದೇ’ ಎಂದರು.

ಇಬ್ಬರೂ ಅತ್ತೆವು, ಅದನ್ನು ಮುಚ್ಚಿಡುವುದೇಕೆ. ಆಮೇಲೆ ನಾನು ಪುಸ್ತಕ ತೆರೆದು, ಅವತ್ತಿನ ಸಹಿಗಳನ್ನು ತೋರಿಸಿ, ವರದಿಯ ಸುಳ್ಳನ್ನು ಒಪ್ಪಿಕೊಂಡೆ. ಅವರು ನಕ್ಕು, ಸೆರಗಿಗೆ ಕೈ ಒರೆಸಿಕೊಂಡು, ‘ಪೆನ್ನು ಕೊಡಿ ಮೇಷ್ಟ್ರೇ’ ಎಂದರು. ಎಲ್ಲ ಸಹಿಗಳ ಕೆಳಗೆ, ನಾನು ಬೆರಳಿಟ್ಟು ತೋರಿಸಿದ ಕಡೆ, ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಬರೆದರು.