ನಾನು ಕೊಡದ ಮೂರನೇ ಆರ್ಗ್ಯುಮೆಂಟ್

ಇಂಥ ಕಥೆ ಯಾರಾದರೂ ಹೇಳಿದರೆ ಎರಡೇ ಪ್ರಶ್ನೆಯಲ್ಲಿ ಅವರ ಬಾಯಿ ಮುಚ್ಚಿಸುತ್ತಿದ್ದವಳು ನಾನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅಂಟಿದ ಚಟ. ನೀವೂ ನನ್ನನ್ನು ಹಾಗೆಯೇ ಕೇಳಿ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಬೇರೆಯವರ ಮೇಲೆ.

ಕೆಲವು ವರ್ಷಗಳ ಹಿಂದೆ ಬಳ್ಳಾರಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ರಿಪೋರ್ಟುಗಳನ್ನು ರೋಗಿಗಳ ಫೋನಿಗೆ ಕಳಿಸುವ ಕಂಪ್ಯೂಟರ್ ಸ್ಕ್ರಿಪ್ಟ್ ಬರೆದವಳು ನಾನೇ. ಅದರಲ್ಲಿ ‘ಕಳಿಸು’ ಎಂಬ ಪ್ರೊಸೀಜರ್, ಅದೊಂದೇ ಕೆಲಸ ಮಾಡುವ ತುಣುಕು. ಓಡಿಸುವಾಗ ಅದಕ್ಕೆ ಮೂರು ಆರ್ಗ್ಯುಮೆಂಟ್, ಅಂದರೆ ಮೂರು ಮಾಹಿತಿ, ಕೊಡಬೇಕು: ಹೆಸರು, ರಿಪೋರ್ಟು, ಫೋನ್ ನಂಬರು. ಅದು ತಾನಾಗಿ ಏನನ್ನೂ ಹುಡುಕುವುದಿಲ್ಲ. ನಾವು ಕೈಗಿಟ್ಟಷ್ಟೇ ಅದಕ್ಕೆ ಗೊತ್ತು. ಒಂದು ಕಡಿಮೆಯಾದರೂ ನಿಂತು ತಪ್ಪು ತೋರಿಸಬೇಕು.

ಸಿರುಗುಪ್ಪದ ಶಾಖೆಯಲ್ಲಿ ಒಂದು ರೂಢಿಯಿತ್ತು. ಫೋನಿಲ್ಲದವರು ಬಂದರೆ ಸಾಲಿನಲ್ಲಿ ಹಿಂದೆ ನಿಂತವರ ನಂಬರು ಬರೆಸುತ್ತಿದ್ದರು. ಯಾರದೋ ಕಾಯಿಲೆ ಯಾರಿಗೋ ತಿಳಿಯುತ್ತಿತ್ತು. ಜಗಳವಾಡಿ ಅದನ್ನು ನಿಲ್ಲಿಸಿದೆ. ಅಲ್ಲಿ ಪಟ್ಟಿ ಬರೆಯುತ್ತಿದ್ದ ನಾಗರತ್ನಕ್ಕ, “ನಿನ್ನ ಕಾನೂನು ನಿನಗಿರ್ಲಿ ತಂಗಿ. ಫೋನಿಲ್ಲದಾಕಿಗೆ ರಿಪೋರ್ಟು ಕಾಗಿ ಒಯ್ದು ಕೊಡ್ತೈತೇನು?” ಎಂದಳು. ಖಾಲಿಯಿದ್ದರೆ ಖಾಲಿಯೇ ಬಿಡಿ, ಸ್ಕ್ರಿಪ್ಟ್ ನಿಂತಾಗ ನಾನು ವಿಚಾರಿಸುತ್ತೇನೆ ಎಂದೆ.

ಒಂದು ಮಧ್ಯಾಹ್ನ ದೇಶನೂರಿನ ತಿಪ್ಪಮ್ಮ ಎಂಬ ಮುದುಕಿಯ ಹೆಸರು ಪಟ್ಟಿಯಲ್ಲಿ ಬಂತು. ರಕ್ತ ತೀರಾ ಕಡಿಮೆ, ನಂಬರಿನ ಜಾಗ ಖಾಲಿ. ಸ್ಕ್ರಿಪ್ಟ್ ನಿಲ್ಲಲಿಲ್ಲ. ಯಾವುದೋ ನಂಬರು ತೋರಿಸಿ, ‘ಕಳಿಸಲಾಗಿದೆ’ ಎಂದು ಮುಂದಕ್ಕೆ ಹೋಯಿತು. ಆ ನಂಬರು ತಿಪ್ಪಮ್ಮನ ಮಗಳದು, ಬಾದನಹಟ್ಟಿಯಲ್ಲಿದ್ದವಳದು ಎಂದು ಆಮೇಲೆ ತಿಳಿಯಿತು. ಸಂಜೆಯೊಳಗೆ ಆಕೆ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದಳು. ಮುದುಕಿ ಉಳಿದಳು.

ಮರುದಿನ ಮುದುಕಿಯ ಮಗ ಬಂದ. ಅಕ್ಕನೊಂದಿಗೆ ಮಾತು ಬಿಟ್ಟವನು. “ನಮ್ಮವ್ವನ ರಿಪೋರ್ಟು ಆಕಿಗೆ ಯಾರು ಕಳಿಸಿದ್ರು? ನಾ ಏನ್ ಸತ್ತೀನೇನು?” ಎಂದು ಲ್ಯಾಬು ಹಾರಿಹೋಗುವಂತೆ ಕೂಗಾಡಿದ.

ನಾನು ಎಲ್ಲವನ್ನೂ ಜಾಲಾಡಿದೆ. ಪಟ್ಟಿಯ ಹಿಂದಿನ ಸಾಲಿನ ನಂಬರು ಉಳಿದುಬಿಟ್ಟಿತ್ತೇ? ಆ ಸಾಲು ಕುರುಗೋಡಿನ ಮೇಷ್ಟ್ರೊಬ್ಬರದು, ನಂಬರೇ ಬೇರೆ. ಮಗಳ ನಂಬರು ನಮ್ಮ ಯಾವ ಫೈಲಿನಲ್ಲೂ ಇರಲಿಲ್ಲ. ತಿಪ್ಪಮ್ಮನ ಸಾಲನ್ನು ಮತ್ತೆ ಮತ್ತೆ ಓಡಿಸಿದೆ. ಪ್ರತಿ ಸಲವೂ ಪ್ರೊಸೀಜರ್ ನಂಬರಿಲ್ಲವೆಂದು ನಿಯತ್ತಾಗಿ ನಿಂತಿತು.

ಮ್ಯಾನೇಜರ್ ಬಿಳಿ ಹಾಳೆ ತಳ್ಳಿದರು. “ನಂಬರು ನಾನೇ ಹಾಕಿದೆ ಅಂತ ಬರದು ಸಹಿ ಮಾಡವ್ವಾ ಚರ್ಚಾಪಟು. ಅವನ ಬಾಯಿ ಮುಚ್ತೈತಿ, ನಿನ್ನ ನೌಕರಿ ಉಳಿತೈತಿ.”

“ನಾ ಹಾಕಿಲ್ಲಲ್ರೀ ಸರ.”

“ಮತ್ತ ದೆವ್ವ ಹಾಕ್ತೇನು?”

ಸಿರುಗುಪ್ಪಕ್ಕೆ ಫೋನ್ ಮಾಡಿದರೆ ನಾಗರತ್ನಕ್ಕ, “ದೇವ್ರೇ ಹಾಕ್ಯಾನ, ಕೈ ಮುಗಿದು ಸುಮ್ನಿರು” ಎಂದಳು.

ಇಬ್ಬರ ಮೇಲೂ ಮೈ ಉರಿಯಿತು. ದೇವರೆನ್ನಲು ನನ್ನಲ್ಲಿ ಆಧಾರವಿಲ್ಲ. ನಾನೇ ಎನ್ನಲೂ ಆಧಾರವಿಲ್ಲ. ಎರಡನೆಯದು ನಂಬುವಂತೆ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಸುಳ್ಳಿಗೆ ಸಹಿ ಹಾಕಬೇಕೇ? ಅದಕ್ಕೆ ವಿಚಾರವಂತಿಕೆ ಎಂದು ಹೆಸರೇ?

‘ನಂಬರು ನಾನು ಕೊಟ್ಟಿಲ್ಲ. ಎಲ್ಲಿಂದ ಬಂತೋ ಗೊತ್ತಿಲ್ಲ’ ಎಂದು ಬರೆದು ಸಹಿ ಮಾಡಿದೆ. ಮ್ಯಾನೇಜರ್ ಅದನ್ನು ಓದಿ, ಹರಿದು, ನಾಳೆಯಿಂದ ಬರಬೇಡ ಎಂದರು.

ಆ ಪ್ರೊಸೀಜರಿನ ಒಂದೊಂದು ಸಾಲೂ ನನಗೆ ಇಂದಿಗೂ ಬಾಯಿಪಾಠ. ತಪ್ಪು ಎಲ್ಲಿದೆ ತೋರಿಸಿ, ಒಪ್ಪುತ್ತೇನೆ. ಸಿಗದ ತಪ್ಪನ್ನು ಮಾತ್ರ ನನ್ನದೆನ್ನಲಾರೆ.